ಆಯಿಶಾ ಎಂದರೆ ಬದುಕುವವಳು

ದೇಶದ ಸರ್ವೋನ್ನತ ನ್ಯಾಯಾಲಯದ ತೀರ್ಪುಗಳ ಸಂಪುಟದಲ್ಲಿ ಕುಂದಾಪುರದ ಹೆಸರೊಂದು ಶಾಶ್ವತವಾಗಿ ಸೇರಿಹೋಗಿದೆ. ಕರ್ನಾಟಕದ ಶಿರವಸ್ತ್ರ ಪ್ರಕರಣದಲ್ಲಿ 2022ರ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಆ ತೀರ್ಪಿನ ಶೀರ್ಷಿಕೆ ಆರಂಭವಾಗುವುದು ಕುಂದಾಪುರದ ಸರಕಾರಿ ಪದವಿಪೂರ್ವ ಕಾಲೇಜಿನ ವಿದ್ಯಾರ್ಥಿನಿಯೋರ್ವಳ ಹೆಸರಿನಿಂದ. ಆ ಹೆಸರಿನ ಮೊದಲ ಪದ ‘ಐಶತ್’. ಮುಂದೆ ದೇಶದ ಯಾವ ಮೂಲೆಯ ಕಾನೂನು ವಿದ್ಯಾರ್ಥಿ ಈ ಪ್ರಕರಣವನ್ನು ಓದಲು ಕುಳಿತರೂ ಆತ ಮೊತ್ತಮೊದಲು ಉಚ್ಚರಿಸಬೇಕಾದುದು ನಮ್ಮ ಕರಾವಳಿಯ ಈ ಪದವನ್ನು.

ಪ್ರಕರಣದ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ. ಪರವಾಗಿಯೂ ವಿರುದ್ಧವಾಗಿಯೂ ಪುಟಗಟ್ಟಲೆ ಬರೆಯಲಾಗಿದೆ. ಆದರೆ ಹೆಸರಿನ ಬಗ್ಗೆ ಯಾರೂ ಮಾತಾಡಿಲ್ಲ. ಗಂಗೊಳ್ಳಿ, ಕಂಡ್ಲೂರು, ಕೋಡಿಯಿಂದ ಹಿಡಿದು ನಾವುಂದ, ಶಿರೂರು, ಬಾರ್ಕೂರಿನವರೆಗೆ ಪ್ರತಿ ಮದ್ರಸಾದ ಹಾಜರಿ ಪುಸ್ತಕದಲ್ಲಿಯೂ ಸಿಗುವ ಹೆಸರಿದು. ಅಷ್ಟೊಂದು ಪರಿಚಿತವಾಗಿರುವುದರಿಂದಲೇ ಬಹುಶಃ ನಾವು ಅದರ ಅರ್ಥವನ್ನು ವಿಚಾರಿಸುವುದಿಲ್ಲ. ಅದು ಎಲ್ಲಿಂದ ಬಂತು? ಅದರ ಕೊನೆಗೆ ‘ತ್’ ಹೇಗೆ ಸೇರಿಕೊಂಡಿತು? ಎಲ್ಲಕ್ಕಿಂತ ಮುಖ್ಯವಾಗಿ, ಮಗಳಿಗೆ ಈ ಹೆಸರನ್ನಿಡುವ ನಾವು ಆ ಹೆಸರಿಗೆ ಎಷ್ಟರ ಮಟ್ಟಿಗೆ ನಿಷ್ಠರಾಗಿದ್ದೇವೆ?

ಅರಬಿ ಭಾಷೆಯಲ್ಲಿ ಬಹುತೇಕ ಪದಗಳಿಗೆ ಒಂದು ಧಾತು ಇರುತ್ತದೆ. ಐನ್, ಯಾ, ಶೀನ್ ಎಂಬ ಮೂರು ಅಕ್ಷರಗಳ ಧಾತುವಿನಿಂದ ‘ಆಶ’ ಎಂಬ ಕ್ರಿಯಾಪದ ಹುಟ್ಟುತ್ತದೆ. ಬದುಕಿದನು, ಜೀವಿಸಿದನು ಎಂಬುದು ಅದರ ಅರ್ಥ. ಅದರ ಕರ್ತೃರೂಪದ ಸ್ತ್ರೀಲಿಂಗವೇ ‘ಆಇಶ’. ಅಂದರೆ ಬದುಕುವವಳು, ಜೀವಂತಿಕೆಯುಳ್ಳವಳು. ಅರ್ಥಕೋಶದ ಸಂಗತಿ ಇಷ್ಟೇ. ಆದರೆ ಈ ಹೆಸರು ಬಳಕೆಯಲ್ಲಿದ್ದ ಕಾಲವನ್ನು ನೆನೆದರೆ ಅದರ ತೂಕ ತಿಳಿಯುತ್ತದೆ. ಹೆಣ್ಣು ಹುಟ್ಟಿತೆಂಬ ವಾರ್ತೆ ಕೇಳಿ ಮುಖ ಕಪ್ಪಿಡುತ್ತಿದ್ದ, ಕೆಲವು ಬುಡಕಟ್ಟುಗಳಲ್ಲಿ ಆ ಹಸುಳೆಯನ್ನು ಜೀವಂತ ಹೂಳುತ್ತಿದ್ದ ಸಮಾಜವದು. ಪವಿತ್ರ ಕುರ್‌ಆನ್ ಆ ಕ್ರೌರ್ಯವನ್ನು ಹೆಸರೆತ್ತಿ ಖಂಡಿಸಿದೆ. ಹೂಳಲ್ಪಟ್ಟ ಹೆಣ್ಣುಮಗುವನ್ನೇ ಅಂತ್ಯದಿನದಲ್ಲಿ ಸಾಕ್ಷಿಯಾಗಿ ನಿಲ್ಲಿಸಿದೆ. ಅಂತಹ ನೆಲದಲ್ಲಿ ಮಗಳನ್ನು ‘ಬದುಕುವವಳು’ ಎಂದು ಕರೆಯುವುದು ಬರಿಯ ಹೆಸರಲ್ಲ. ಅದೊಂದು ಪ್ರಾರ್ಥನೆ, ಒಂದು ಘೋಷಣೆ.

ಈ ಧಾತು ಕನ್ನಡಕ್ಕೆ ಅಪರಿಚಿತವೂ ಅಲ್ಲ. ನಾವು ದಿನನಿತ್ಯ ಬಳಸುವ ‘ಐಷಾರಾಮ’ ಎಂಬ ಪದದ ಮೊದಲರ್ಧ ಇದೇ ಧಾತುವಿನ ‘ಐಶ್’. ಉಳಿದರ್ಧ ಪಾರ್ಸಿಯ ‘ಆರಾಮ್’. ಇದೇ ಧಾತುವಿನ ‘ಮಆಶ್’ ಎಂದರೆ ಜೀವನೋಪಾಯ. ಅದಕ್ಕೆ ಪಾರ್ಸಿಯ ‘ಬದ್’ ಸೇರಿದಾಗ ‘ಬದ್ಮಾಶ್’ ಆಯಿತು. ಕೆಟ್ಟ ದಾರಿಯಿಂದ ಹೊಟ್ಟೆ ಹೊರೆಯುವವನು ಎಂಬುದೇ ಅದರ ಮೂಲಾರ್ಥ. ಈಜಿಪ್ಟಿನ ಆಡುಮಾತಿನಲ್ಲಿ ‘ಐಶ್’ ಎಂದರೆ ರೊಟ್ಟಿ. ಬದುಕು, ಅನ್ನ, ದುಡಿಮೆ ಮತ್ತು ಸುಖ ಇವೆಲ್ಲವೂ ಒಂದೇ ಬೇರಿನ ಕೊಂಬೆಗಳು. ಸುಖಜೀವನವನ್ನು ‘ಐಶ್’ ಎಂದೂ ಕೆಟ್ಟ ಜೀವನವನ್ನು ‘ಬದ್ಮಾಶ್’ ಎಂದೂ ಗುರುತಿಸುವ ನಮಗೆ ಆ ಬೇರಿನ ಅತ್ಯಂತ ಗೌರವದ ಕೊಂಬೆ ಒಬ್ಬ ಹೆಣ್ಣುಮಗಳ ಹೆಸರೆಂಬುದು ಹೊಳೆಯುವುದೇ ಇಲ್ಲ.

ಕನ್ನಡದ ಕಿವಿಗೆ ‘ಆಯಿಶಾ’ ಎಂದೊಡನೆ ‘ಆಯುಷ್ಯ’ ನೆನಪಾಗುವುದು ಸಹಜ. ಎರಡರ ಅರ್ಥವೂ ಹತ್ತಿರ, ಧ್ವನಿಯೂ ಹತ್ತಿರ. ಆದರೆ ಇವೆರಡಕ್ಕೂ ರಕ್ತಸಂಬಂಧವಿಲ್ಲ. ಒಂದು ಅರಬಿಯ ಸಂತಾನ, ಇನ್ನೊಂದು ಸಂಸ್ಕೃತದ ಸಂತಾನ. ಬೇರೆ ಬೇರೆ ದಿಕ್ಕಿನಿಂದ ಬಂದ ಎರಡು ಪದಗಳು ಈ ಮಣ್ಣಿನಲ್ಲಿ ನೆರೆಮನೆಯವರಂತೆ ನೆಲೆಸಿವೆ, ಅಷ್ಟೇ. ಇನ್ನು ‘ಆ’ ಮತ್ತು ‘ಇ’ ಸ್ವರಗಳ ನಡುವೆ ನಾವು ಉಚ್ಚರಿಸುವ ‘ಯ’ ಕಾರವನ್ನು ಗಮನಿಸಿ. ಶಾಲೆಯ ಕನ್ನಡ ವ್ಯಾಕರಣದಲ್ಲಿ ಇದನ್ನು ಯಕಾರಾಗಮ ಸಂಧಿ ಎಂದು ಕಲಿತಿದ್ದೇವೆ. ಗಿರಿ ಎಂಬುದಕ್ಕೆ ಅನ್ನು ಸೇರಿ ಗಿರಿಯನ್ನು ಆದಂತೆ ‘ಆಇಶ’ ಎಂಬುದು ನಮ್ಮ ನಾಲಿಗೆಯಲ್ಲಿ ಸಲೀಸಾಗಿ ‘ಆಯಿಶಾ’ ಆಗಿ ನಿಂತಿತು. ಅರಬಿ ಹೆಸರು ಪರಕೀಯವೆಂದು ಮೂಗು ಮುರಿಯುವವರು ಇದನ್ನು ಅರಿಯಬೇಕು. ಕನ್ನಡದ ಗುಣಕ್ಕೆ ಹೊಂದಿಕೊಳ್ಳದ ಹೆಸರು ಇಷ್ಟು ಶತಮಾನ ಇಲ್ಲಿ ಉಳಿಯುತ್ತಿರಲಿಲ್ಲ.

‘ತ್’ ಕಾರದ ಕತೆ ಇನ್ನಷ್ಟು ಸ್ವಾರಸ್ಯಕರ. ಅರಬಿಯ ಅನೇಕ ಸ್ತ್ರೀಲಿಂಗ ಪದಗಳ ಕೊನೆಯಲ್ಲಿ ‘ತಾ ಮರ್‌ಬೂತಾ’ ಎಂಬ ವಿಶಿಷ್ಟ ಅಕ್ಷರವಿದೆ. ಕುರ್‌ಆನ್ ಪಾರಾಯಣದ ನಿಯಮ ಕಲಿತ ಮದ್ರಸಾದ ಮಗುವಿಗೂ ಇದು ಗೊತ್ತು: ಆ ಪದದ ಮೇಲೆ ನಿಂತರೆ ಅದು ‘ಹ’ಕಾರ, ನಿಲ್ಲದೆ ಮುಂದುವರಿದರೆ ‘ತ’ಕಾರ. ಕನ್ನಡಕ್ಕೆ ಬಂದ ಅರಬಿ ಪದಗಳಲ್ಲಿಯೂ ಈ ಎರಡು ದಾರಿಗಳಿವೆ. ಖಜಾನೆ, ಕಿಲ್ಲೆ ಎಂಬ ಪದಗಳು ನಿಂತ ರೂಪದಲ್ಲಿ ಬಂದವು. ದೌಲತ್ತು, ಮಸಲತ್ತು, ಕರಾಮತ್ತು ಎಂಬವು ನಡೆಯುವ ರೂಪದಲ್ಲಿ ಬಂದವು. ಹೆಸರುಗಳಲ್ಲಿಯೂ ಹಾಗೆಯೇ. ಉರ್ದು ಮಾತಾಡುವ ಮನೆಗಳಲ್ಲಿ ಆಯಿಶಾ, ಫಾತಿಮಾ, ಖದೀಜಾ. ಬ್ಯಾರಿ ಮಾತಾಡುವ ಮನೆಗಳಲ್ಲಿ ಆಯಿಶತ್, ಫಾತಿಮತ್, ಖದೀಜತ್. ಕುಂದಾಪುರದ ಆಸುಪಾಸಿನಲ್ಲಿ ಬ್ಯಾರಿ, ದಖನಿ ಉರ್ದು, ನವಾಯತಿ ಮೂರೂ ಇರುವುದರಿಂದ ಒಂದೇ ತರಗತಿಯ ಬೆಂಚಿನಲ್ಲಿ ಎರಡೂ ರೂಪಗಳು ಅಕ್ಕಪಕ್ಕ ಕುಳಿತಿರುತ್ತವೆ. ಕಾಸರಗೋಡಿನಲ್ಲಿಯೂ ಈ ‘ತ್’ ಇದೆ. ಸಾಗರದಾಚೆಯ ಮಾಲ್ಡೀವ್ಸ್ ದ್ವೀಪಗಳಲ್ಲಂತೂ ಐಶತ್, ಫಾತಿಮತ್ ಎಂಬವು ಮನೆಮನೆಯ ಹೆಸರುಗಳು. ಮನೆಯ ಅಜ್ಜಿಯ ಕಾಲಕ್ಕೆ ಇದೇ ಹೆಸರಿಗೆ ಅಮ್ಮ ಸೇರಿ ‘ಐಸಮ್ಮ’ ಆಗಿತ್ತು. ಈಗಿನ ಮೊಮ್ಮಗಳಿಗೆ ಅದರ ಜೊತೆ ಹಿಬಾ, ಸನಾ ಎಂಬ ಎರಡನೆಯ ಹೆಸರು ಸೇರುತ್ತದೆ. ಅಜ್ಜಿ ಮತ್ತು ಮೊಮ್ಮಗಳ ನಡುವೆ ಉಡುಪು ಬದಲಾಗಿದೆ, ಭಾಷೆ ಬದಲಾಗಿದೆ, ಹೆಸರು ಮಾತ್ರ ಬದಲಾಗಿಲ್ಲ.

ಕರಾವಳಿಯಾಚೆಗೂ ಇದರ ಹರವು ದೊಡ್ಡದು. ತುರ್ಕಿಯಲ್ಲಿ ಅದು ಆಯ್ಶೆ. ಫಾತ್ಮಾ ಎಂಬುದರ ಜೊತೆಗೆ ಅಲ್ಲಿಯ ಹೆಂಗಸರಲ್ಲಿ ಅತಿ ಹೆಚ್ಚು ಕಾಣಸಿಗುವ ಹೆಸರು. ಇಂಡೋನೇಶ್ಯದಲ್ಲಿ ಆಯ್ಸ್ಯಾಹ್, ಪೂರ್ವ ಆಫ್ರಿಕಾದಲ್ಲಿ ಆಶಾ, ಸೆನೆಗಲ್ ಮತ್ತು ಗಿನಿಗಳಲ್ಲಿ ಐಸ್ಸಾತು. ಅಲ್ಜೀರಿಯ ಮೂಲದ ಗಾಯಕ ಖಾಲಿದ್ 1996ರಲ್ಲಿ ಹಾಡಿದ ಫ್ರೆಂಚ್ ಗೀತೆಯೊಂದು ಈ ಹೆಸರನ್ನು ಅರಬಿ ತಿಳಿಯದ ಯುರೋಪಿನ ಬೀದಿಗಳಿಗೂ ತಲುಪಿಸಿತು. ಇಷ್ಟೊಂದು ಜನಾಂಗಗಳು, ಇಷ್ಟೊಂದು ಭಾಷೆಗಳು ಒಂದೇ ಹೆಸರನ್ನು ಮೆಚ್ಚಿಕೊಂಡದ್ದೇಕೆ? ಅದರ ಧ್ವನಿಗಾಗಿಯೇ? ಖಂಡಿತ ಅಲ್ಲ. ಆ ಹೆಸರನ್ನು ಧರಿಸಿದ ಒಬ್ಬ ಮಹಿಳೆಗಾಗಿ.

ಹ. ಅಬೂಬಕರ್(ರ) ಮತ್ತು ಉಮ್ಮು ರೂಮಾನ್(ರ) ದಂಪತಿಯ ಪುತ್ರಿ, ಪ್ರವಾದಿ ಮುಹಮ್ಮದ್(ಸ)ರ ಪತ್ನಿ ಹ. ಆಯಿಶಾ(ರ)ರನ್ನು ನಾವು ‘ವಿಶ್ವಾಸಿಗಳ ಮಾತೆ’ ಎಂದು ಗೌರವಿಸುತ್ತೇವೆ. ಆದರೆ ಆ ಗೌರವದ ಭರದಲ್ಲಿ ಅವರು ಒಬ್ಬ ವಿದ್ವಾಂಸೆಯಾಗಿದ್ದರು ಎಂಬುದನ್ನು ಮರೆಯುತ್ತೇವೆ. 632ರಲ್ಲಿ ಪ್ರವಾದಿ(ಸ) ಇಹಲೋಕ ತ್ಯಜಿಸಿದರು. ಆಯಿಶಾ(ರ) ಮೃತರಾದದ್ದು 678ರಲ್ಲಿ. ನಡುವಿನ 46 ವರ್ಷಗಳ ಕಾಲ ಅವರ ಕೋಣೆ ಒಂದು ಪಾಠಶಾಲೆಯಾಗಿತ್ತು. ಅವರ ಮೂಲಕ ವರದಿಯಾದ ಹದೀಸ್‌ಗಳ ಸಂಖ್ಯೆ 2210 ಎಂದು ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ಅವರ ಸೋದರಿಯ ಮಗ ಉರ್ವಾ, ಸೋದರನ ಮಗ ಖಾಸಿಮ್, ಅವರ ಮಡಿಲಲ್ಲೇ ಬೆಳೆದ ಅಮ್ರಾ ಎಂಬ ಮಹಿಳೆ ಇವರೆಲ್ಲ ಆ ಪಾಠಶಾಲೆಯ ಪದವೀಧರರು. ಪ್ರವಾದಿ ಸಂಗಾತಿಗಳೇ ಸಂಶಯ ಬಂದಾಗ ಅವರಲ್ಲಿಗೆ ಹೋಗುತ್ತಿದ್ದರು.

ಅವರು ಕೇವಲ ಕೇಳಿದ್ದನ್ನು ಒಪ್ಪಿಸುವವರಾಗಿರಲಿಲ್ಲ. ತಪ್ಪೆಂದು ಕಂಡದ್ದನ್ನು ತಿದ್ದುತ್ತಿದ್ದರು. ನಮಾಝ್ ಮಾಡುವವನ ಮುಂದೆ ನಾಯಿ, ಕತ್ತೆ ಅಥವಾ ಹೆಣ್ಣು ಹಾದುಹೋದರೆ ನಮಾಝ್ ಭಂಗವಾಗುತ್ತದೆಂಬ ಮಾತು ಕಿವಿಗೆ ಬಿದ್ದಾಗ, ನಮ್ಮನ್ನು ಪ್ರಾಣಿಗಳ ಸಾಲಿಗೆ ಸೇರಿಸಿದಿರಾ ಎಂದು ಅವರು ಆಕ್ಷೇಪಿಸಿದರು. ಪ್ರವಾದಿ(ಸ) ನಮಾಝ್ ಮಾಡುವಾಗ ತಾವು ಅವರ ಮುಂದೆಯೇ ಮಲಗಿರುತ್ತಿದ್ದುದನ್ನು ಪುರಾವೆಯಾಗಿ ಮುಂದಿಟ್ಟರು. ಬುಖಾರಿ ಗ್ರಂಥದಲ್ಲಿಯೇ ಇದು ದಾಖಲಾಗಿದೆ. ಅವರು ಸಹಾಬಿಗಳ ವರದಿಗಳನ್ನು ತಿದ್ದಿದ ಸಂದರ್ಭಗಳನ್ನೆಲ್ಲ ಕಲೆಹಾಕಿ 14ನೇ ಶತಮಾನದ ವಿದ್ವಾಂಸ ಬದ್ರುದ್ದೀನ್ ಝರ್ಕಶಿ ಒಂದು ಪ್ರತ್ಯೇಕ ಗ್ರಂಥವನ್ನೇ ಬರೆದರು. ಗಂಡಸರ ಸಭೆಯಲ್ಲಿ ಹೆಣ್ಣು ಪ್ರಶ್ನೆ ಕೇಳಿದರೆ ‘ಅಧಿಕಪ್ರಸಂಗ’ ಎನ್ನುವ ನಾವು ನಮ್ಮ ಮಗಳಿಗೆ ಇಟ್ಟಿರುವುದು ಯಾರ ಹೆಸರನ್ನು ಎಂಬುದನ್ನು ಒಮ್ಮೆ ಯೋಚಿಸಬೇಕು.

ಆ ಹೆಸರು ವಿದ್ಯೆಯ ಹಾದಿಯಲ್ಲಿಯೇ ಮುಂದುವರಿಯಿತು. 1413ರಲ್ಲಿ ನಿಧನರಾದ ದಮಸ್ಕಸ್‌ನ ಆಯಿಶಾ ಬಿಂತ್ ಅಬ್ದುಲ್ ಹಾದಿ ಬುಖಾರಿ ಗ್ರಂಥವನ್ನು ಬೋಧಿಸುತ್ತಿದ್ದರು. ಬುಖಾರಿಗೆ ಜಗತ್ಪ್ರಸಿದ್ಧ ವ್ಯಾಖ್ಯಾನ ಬರೆದ ಇಬ್ನು ಹಜರ್ ಅಸ್ಖಲಾನಿ ಅವರ ಶಿಷ್ಯರಲ್ಲೊಬ್ಬರು. ಅದೇ ನಗರದ ಆಯಿಶಾ ಬಾಊನಿಯಾ ಕವಯಿತ್ರಿಯಾಗಿ ಹೆಸರಾದರು. 20ನೇ ಶತಮಾನದಲ್ಲಿ ಈಜಿಪ್ಟಿನ ಆಯಿಶಾ ಅಬ್ದುರ್ರಹ್ಮಾನ್ ಕುರ್‌ಆನಿಗೆ ಸಾಹಿತ್ಯಿಕ ವ್ಯಾಖ್ಯಾನ ಬರೆದರು. 1913ರಲ್ಲಿ ನೈಲ್ ನದಿಯ ದಡದಲ್ಲಿ ಹುಟ್ಟಿದ ಇವರ ತಂದೆ ಧಾರ್ಮಿಕ ವಿದ್ವಾಂಸರು. ಆದರೆ ಮಗಳು ಶಾಲೆಗೆ ಹೋಗುವುದಕ್ಕೆ ಅವರ ಒಪ್ಪಿಗೆಯಿರಲಿಲ್ಲ. ತಾಯಿ ಬೆನ್ನಿಗೆ ನಿಂತರು. ಮಗಳು ಓದಿದಳು, ಬರೆದಳು. ಆದರೆ ತಂದೆಗೆ ತಿಳಿಯಬಾರದೆಂದು ಸ್ವಂತ ಹೆಸರನ್ನು ಬಿಟ್ಟು ‘ಬಿಂತುಶ್ಶಾತಿ’ ಎಂಬ ಕಾವ್ಯನಾಮದಲ್ಲಿ ಬರೆದಳು. ಅದರ ಅರ್ಥ ತೀರದ ಮಗಳು. ನಮ್ಮ ತೀರದಲ್ಲಿಯೂ ಎಷ್ಟು ಮಂದಿ ಆಯಿಶಾಗಳು ಹೆಸರು ಅಡಗಿಸಿಕೊಂಡು ಬದುಕುತ್ತಿದ್ದಾರೋ?

ಹೆಣ್ಣುಮಕ್ಕಳ ವಿದ್ಯೆ ಈ ತೀರಕ್ಕೆ ಹೊಸತಲ್ಲ. 14ನೇ ಶತಮಾನದ ನಲ್ವತ್ತರ ದಶಕದಲ್ಲಿ ಈ ದಾರಿಯಾಗಿ ಸಾಗಿದ ಪ್ರವಾಸಿ ಇಬ್ನು ಬತೂತ ಹೊನ್ನಾವರದಲ್ಲಿ ಹುಡುಗಿಯರ 13 ಮತ್ತು ಹುಡುಗರ 23 ಶಾಲೆಗಳನ್ನು ಕಂಡುದಾಗಿಯೂ, ಅಲ್ಲಿನ ಹೆಂಗಸರು ಕುರ್‌ಆನನ್ನು ಕಂಠಪಾಠ ಮಾಡಿದ್ದರೆಂದೂ, ಇಂತಹದ್ದನ್ನು ತಾನು ಬೇರೆಲ್ಲಿಯೂ ಕಂಡಿಲ್ಲವೆಂದೂ ಬರೆದಿಟ್ಟಿದ್ದಾನೆ. ಅಲ್ಲಿಂದ ಆತ ದಕ್ಷಿಣಕ್ಕೆ ಬಂದ. ಆತ ಅಬೂಸರೂರ್, ಫಾಕನೂರ್ ಎಂದು ಕರೆದಿರುವ ಊರುಗಳು ನಮ್ಮ ಕುಂದಾಪುರದ ಬಸ್ರೂರು ಮತ್ತು ಬ್ರಹ್ಮಾವರದ ಬಾರ್ಕೂರು ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಜಗತ್ತು ಸುತ್ತಿದ ಆ ಮನುಷ್ಯ ಬೆರಗಾದದ್ದು ನಮ್ಮ ಮಸೀದಿಗಳ ಗಾತ್ರಕ್ಕಲ್ಲ, ಮದುವೆಯ ವೈಭವಕ್ಕೂ ಅಲ್ಲ; ಹೆಣ್ಣುಮಕ್ಕಳ ಶಾಲೆಗಳಿಗೆ ಎಂಬುದನ್ನು ಸಮುದಾಯ ನೆನಪಿಟ್ಟುಕೊಳ್ಳಬೇಕು.

ಈ ಹಿನ್ನೆಲೆಯಲ್ಲಿ ನೋಡಿದರೆ 2022ರ ಫೆಬ್ರವರಿಯಲ್ಲಿ ಕುಂದಾಪುರದ ಕಾಲೇಜಿನ ಮುಚ್ಚಿದ ಗೇಟಿನ ಮುಂದೆ ನಿಂತು, ಒಳಗೆ ಬಿಡಿ, ಓದಬೇಕು ಎಂದು ಬೇಡಿಕೊಂಡ ಹುಡುಗಿಯರ ಚಿತ್ರ ಮತ್ತಷ್ಟು ನೋಯಿಸುತ್ತದೆ. ಭಿನ್ನ ತೀರ್ಪಿನಲ್ಲಿ ನ್ಯಾಯಮೂರ್ತಿ ಹೇಮಂತ್ ಗುಪ್ತಾ ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿದರು. ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅದನ್ನು ರದ್ದುಪಡಿಸುತ್ತಾ, ಹೆಣ್ಣುಮಗುವಿನ ಶಿಕ್ಷಣವೇ ತಮ್ಮ ಮನಸ್ಸಿನಲ್ಲಿ ಎಲ್ಲಕ್ಕಿಂತ ಮೇಲಿದ್ದ ಸಂಗತಿ ಎಂದು ಸ್ಪಷ್ಟಪಡಿಸಿದರು. ಗೇಟು ಮುಚ್ಚಿದ ವ್ಯವಸ್ಥೆಯನ್ನು ಪ್ರಶ್ನಿಸುವ ಹಕ್ಕು ನಮಗಿದೆ, ಪ್ರಶ್ನಿಸಿದ್ದೇವೆ. ಆದರೆ ಮನೆಯೊಳಗೂ ಗೇಟುಗಳಿವೆ ಎಂಬುದನ್ನು ಒಪ್ಪಿಕೊಳ್ಳದಿದ್ದರೆ ನಮ್ಮ ಪ್ರಶ್ನೆಗೆ ಅರ್ಧ ಬಲವೂ ಇರುವುದಿಲ್ಲ. ಪಿಯುಸಿ ಮುಗಿಯುವ ಮೊದಲೇ ಸಂಬಂಧ ಕುದುರಿತೆಂದು ಪುಸ್ತಕ ಮುಚ್ಚಿಸುವ ತಂದೆ, ಅಣ್ಣನ ಕಾಲೇಜಿಗಾಗಿ ತಂಗಿಯ ಕಾಲೇಜನ್ನು ತ್ಯಾಗ ಮಾಡಿಸುವ ಮನೆ, ಓದಿಗೆ ಹಣವಿಲ್ಲವೆಂದು ವರದಕ್ಷಿಣೆಗೆ ಸಾಲ ಹುಡುಕುವ ಕುಟುಂಬ, ಇವೆಲ್ಲ ಯಾವ ಸರಕಾರದ ಆದೇಶದಿಂದ ಹುಟ್ಟಿದ ಗೇಟುಗಳು?

ಹೆಸರನ್ನೇ ಅಡಗಿಸುವ ಒಂದು ವಿಚಿತ್ರ ಮರ್ಯಾದೆಯೂ ನಮ್ಮಲ್ಲಿದೆ. ಕೆಲವು ಮದುವೆ ಆಮಂತ್ರಣ ಪತ್ರಿಕೆಗಳಲ್ಲಿ ವರನ ಹೆಸರು, ಅವನ ತಂದೆ, ಅಜ್ಜ, ಸೋದರಮಾವಂದಿರ ಹೆಸರುಗಳೆಲ್ಲ ಇರುತ್ತವೆ. ವಧು ಮಾತ್ರ ‘ಇಂತಹವರ ದ್ವಿತೀಯ ಪುತ್ರಿ’. ಹೆಸರು ಹೇಳಿದರೆ ಮಾನ ಹೋಗುತ್ತದೆಯೇ? ಜನರಲ್ಲಿ ತಮಗೆ ಅತ್ಯಂತ ಪ್ರಿಯರು ಯಾರೆಂದು ಅಮ್ರ್ ಬಿನ್ ಆಸ್(ರ) ಕೇಳಿದಾಗ ಪ್ರವಾದಿ(ಸ) ಒಂದಿಷ್ಟೂ ಅಳುಕದೆ ‘ಆಯಿಶಾ’ ಎಂದು ಪತ್ನಿಯ ಹೆಸರನ್ನೇ ಹೇಳಿದರು. ಇದು ಬುಖಾರಿ, ಮುಸ್ಲಿಮ್ ಎರಡರಲ್ಲಿಯೂ ಇದೆ. ಪ್ರವಾದಿ(ಸ) ಬಹಿರಂಗವಾಗಿ ಉಚ್ಚರಿಸಿದ ಹೆಸರನ್ನು ನಾವು ಆಮಂತ್ರಣ ಪತ್ರಿಕೆಯಲ್ಲಿ ಮುದ್ರಿಸಲು ನಾಚುತ್ತೇವೆಂದರೆ ಅದು ಧರ್ಮನಿಷ್ಠೆಯಲ್ಲ, ಬರಿಯ ರೂಢಿ.

ಇನ್ನು, ಇತ್ತೀಚಿನ ಹೊಸ ಹುಚ್ಚಿನ ಬಗ್ಗೆಯೂ ಹೇಳಲೇಬೇಕು. ಯಾರೂ ಇಡದ ಹೆಸರು ಬೇಕೆಂಬ ಹಟದಲ್ಲಿ ಅರ್ಥವಿಲ್ಲದ ಅಕ್ಷರಗಳ ಜೋಡಣೆಯನ್ನು ಅರಬಿಯೆಂದು ತಿಳಿದು ಇಡಲಾಗುತ್ತಿದೆ. ಕುರ್‌ಆನಿನಲ್ಲಿರುವ ಪದವೆಂಬ ಒಂದೇ ಕಾರಣ ಸಾಕಾಗುವುದಿಲ್ಲ. ಬಖರಾ ಎಂದರೆ ಹಸು, ಅನ್ಕಬೂತ್ ಎಂದರೆ ಜೇಡ. ಎರಡೂ ಕುರ್‌ಆನಿನ ಅಧ್ಯಾಯಗಳ ಹೆಸರುಗಳೇ. ಉಮರ್(ರ)ರ ಮಗಳೊಬ್ಬಳ ಹೆಸರು ‘ಆಸಿಯಾ’ ಎಂದಿತ್ತು. ಐನ್ ಮತ್ತು ಸ್ವಾದ್ ಅಕ್ಷರಗಳಿಂದ ಬರೆಯುವ ಆ ಪದಕ್ಕೆ ಆಜ್ಞೆ ಮೀರುವವಳು ಎಂದರ್ಥ. ಪ್ರವಾದಿ(ಸ) ಅದನ್ನು ಬದಲಿಸಿ ‘ಜಮೀಲಾ’ ಎಂದರು. ಫಿರ್‌ಔನನ ವಿಶ್ವಾಸಿ ಪತ್ನಿಯ ಹೆಸರೂ ಆಸಿಯಾ. ಆದರೆ ಅದರ ಅಕ್ಷರಗಳು ಬೇರೆ. ಕನ್ನಡ ಲಿಪಿಯಲ್ಲಿ ಎರಡೂ ಒಂದೇ ತರಹ ಕಾಣುತ್ತವೆ. ಆದ್ದರಿಂದ ಹೆಸರಿಡುವ ಮುನ್ನ ಅರಬಿ ಬಲ್ಲ ಒಬ್ಬರನ್ನು ವಿಚಾರಿಸುವುದು ಹೆತ್ತವರ ಹೊಣೆ. ಹೊಸತನದ ಗೀಳಿಗಿಂತ ಅರ್ಥವಿರುವ ಹಳೆಯ ಹೆಸರು ಲೇಸು.

ಕಾಗದಪತ್ರಗಳ ವಿಷಯವಂತೂ ಇನ್ನು ತಡ ಮಾಡುವಂಥದ್ದಲ್ಲ. ಒಂದೇ ಹುಡುಗಿಯ ಹೆಸರು ಜನನ ಪ್ರಮಾಣಪತ್ರದಲ್ಲಿ ಆಯಿಶಾ, ಶಾಲೆಯಲ್ಲಿ ಆಯೇಷ, ಆಧಾರ್‌ನಲ್ಲಿ ಐಶತ್, ಪಾಸ್‌ಪೋರ್ಟಿನಲ್ಲಿ ಇನ್ನೊಂದು. ವಿದ್ಯಾರ್ಥಿವೇತನದ ಅರ್ಜಿಯೋ ಗಲ್ಫ್ ವೀಸಾವೋ ತಡೆಹಿಡಿಯಲ್ಪಟ್ಟಾಗಲೇ ನಮಗೆ ಎಚ್ಚರವಾಗುವುದು. 2023ರಲ್ಲಿ ತಿದ್ದುಪಡಿಯಾದ ಜನನ ಮತ್ತು ಮರಣ ನೋಂದಣಿ ಕಾಯ್ದೆಯ ಪ್ರಕಾರ, ಆ ವರ್ಷದ ಅಕ್ಟೋಬರ್ 1ರಂದು ಅಥವಾ ಅನಂತರ ಹುಟ್ಟಿದ ಮಕ್ಕಳಿಗೆ ಶಾಲೆಯ ದಾಖಲಾತಿಯಿಂದ ಮತದಾರರ ಪಟ್ಟಿಯವರೆಗೆ ಹುಟ್ಟಿದ ದಿನ ಮತ್ತು ಸ್ಥಳಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಜನನವನ್ನು 21 ದಿನಗಳೊಳಗೆ ತಿಳಿಸಬೇಕು. ಹೆಸರಿಲ್ಲದೆ ನೋಂದಣಿಯಾಗಿದ್ದರೆ ಒಂದು ವರ್ಷದೊಳಗೆ ಶುಲ್ಕವಿಲ್ಲದೆ, ಅನಂತರ 15 ವರ್ಷಗಳವರೆಗೆ ಶುಲ್ಕ ಕೊಟ್ಟು ಹೆಸರು ಸೇರಿಸಲು ಅವಕಾಶವಿದೆ. ನಮ್ಮಲ್ಲಿ ಏಳನೆಯ ದಿನ ಅಖೀಖ ಮಾಡಿ ಹೆಸರಿಡುವ ಸುನ್ನತ್ ಇದೆ. ಆ ದಿನವೇ ಹೆಸರಿನ ಕಾಗುಣಿತವನ್ನು ಕನ್ನಡದಲ್ಲಿಯೂ ಇಂಗ್ಲಿಷ್‌ನಲ್ಲಿಯೂ ನಿರ್ಧರಿಸಿ ಬರೆದಿಟ್ಟರೆ, ಮಾಂಸ ಹಂಚಿ ಮುಗಿದ ಮರುದಿನ ನೋಂದಣಿಗೆ ಹೊರಟರೆ, ಕಾನೂನಿನ ಗಡುವಿಗೆ ಇನ್ನೂ ಎರಡು ವಾರ ಉಳಿದಿರುತ್ತದೆ. ಪ್ರತಿ ಜಮಾಅತ್‌ನ ಕಚೇರಿಯಲ್ಲಿ ಇದಕ್ಕೆ ನೆರವಾಗುವ ಒಬ್ಬ ವಿದ್ಯಾವಂತ ಯುವಕನೋ ಯುವತಿಯೋ ಇದ್ದರೆ ಸಾಕು, ಎಷ್ಟೋ ಕುಟುಂಬಗಳ ಅಲೆದಾಟ ತಪ್ಪುತ್ತದೆ. ‘ತ್’ ಇರಲಿ, ಇಲ್ಲದಿರಲಿ. ‘ಶ’ ಇರಲಿ, ‘ಷ’ ಇರಲಿ. ಎಲ್ಲ ಕಡೆ ಒಂದೇ ಇರಲಿ.

ಭಾರತದವರೇ ಆದ ವಿದ್ವಾಂಸ ಮುಹಮ್ಮದ್ ಅಕ್ರಮ್ ನದ್ವಿ ಹದೀಸ್ ವಿದ್ಯೆಯಲ್ಲಿ ತೊಡಗಿದ್ದ ಮಹಿಳೆಯರ ಚರಿತ್ರೆಯನ್ನು ಹುಡುಕಹೊರಟಾಗ ಅದು ಕೆಲವೇ ಪುಟಗಳಲ್ಲಿ ಮುಗಿದೀತೆಂದು ಹಲವರು ಭಾವಿಸಿರಬಹುದು. 2021ರಲ್ಲಿ ಅದು ಅರಬಿಯಲ್ಲಿ 43 ಸಂಪುಟಗಳಾಗಿ ಹೊರಬಂತು. ಅದರ ಶೀರ್ಷಿಕೆಯಲ್ಲಿಯೇ ‘ಅಸ್ಮಾಉನ್ನಿಸಾ’ ಎಂಬ ಪದವಿದೆ. ಅಂದರೆ ಮಹಿಳೆಯರ ಹೆಸರುಗಳು. ಹೆಸರು ಉಳಿಯುವುದು ಅದನ್ನು ಚೆಂದವಾಗಿ ಇಟ್ಟದ್ದರಿಂದಲ್ಲ, ಅದನ್ನು ಧರಿಸಿದವಳು ಏನನ್ನು ಕಲಿತಳು, ಏನನ್ನು ಕಲಿಸಿದಳು ಎಂಬುದರಿಂದ.

ಬಡತಾಯಿಯೊಬ್ಬಳು ಇಬ್ಬರು ಹೆಣ್ಣುಮಕ್ಕಳೊಂದಿಗೆ ಆಯಿಶಾ(ರ)ರ ಬಾಗಿಲಿಗೆ ಬಂದ ಘಟನೆಯನ್ನು ಹದೀಸ್ ಗ್ರಂಥಗಳು ಹೇಳುತ್ತವೆ. ಮನೆಯಲ್ಲಿದ್ದುದು ಒಂದೇ ಖರ್ಜೂರ. ಆಯಿಶಾ(ರ) ಅದನ್ನು ಕೊಟ್ಟರು. ತಾಯಿ ತಾನು ತಿನ್ನದೆ ಅದನ್ನು ಸೀಳಿ ಇಬ್ಬರು ಮಕ್ಕಳಿಗೂ ಹಂಚಿದಳು. ಹೆಣ್ಣುಮಕ್ಕಳನ್ನು ಪಡೆದು ಅವರನ್ನು ಒಳಿತಿನಿಂದ ನಡೆಸಿಕೊಂಡವರಿಗೆ ಆ ಮಕ್ಕಳೇ ನರಕದಿಂದ ರಕ್ಷಿಸುವ ಗುರಾಣಿಯಾಗುತ್ತಾರೆ ಎಂದು ಪ್ರವಾದಿ(ಸ) ಅದನ್ನು ಕೇಳಿ ಹೇಳಿದರು. ಆ ತಾಯಿಯ ಬಳಿ ಇದ್ದುದು ಒಂದು ಖರ್ಜೂರ ಮಾತ್ರ. ನಮ್ಮ ಬಳಿ ಶಾಲೆಯಿದೆ, ಕಾಲೇಜಿದೆ, ದುಡಿಮೆಯಿದೆ, ಗಲ್ಫಿನಿಂದ ಬರುವ ಹಣವಿದೆ. ಮಗಳಿಗೆ ಅದರ ಸಮಪಾಲನ್ನು ಕೊಡದೆ ‘ಬದುಕುವವಳು’ ಎಂಬ ಹೆಸರನ್ನು ಮಾತ್ರ ಕೊಟ್ಟರೆ, ಆ ಹೆಸರು ನಾಳೆ ನಮ್ಮ ಪರವಾಗಿ ಸಾಕ್ಷಿ ನುಡಿಯುವುದೋ, ವಿರುದ್ಧವಾಗಿಯೋ? ಈ ಪ್ರಶ್ನೆಯನ್ನು ಪ್ರತಿಯೊಬ್ಬ ತಂದೆಯೂ ತನ್ನಲ್ಲೇ ಕೇಳಿಕೊಳ್ಳಲಿ.